ನೆಲ ಡೊಂಕೇ ಇತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಹೇಳಿಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಔಟಾಗಿ ಬಂದು ಬ್ಯಾಟ್ ಸರಿಯಿಲ್ಲ ಅಂದರೆ ಈ ಗಾದೆ. ಲೆಕ್ಕದಲ್ಲಿ ಅಂಕ ಕಮ್ಮಿಯಾಗಿ ಪೇಪರ್ ಕಷ್ಟ ಇತ್ತು ಅಂದರೂ ಇದೇ ಗಾದೆ. ಕೇಳಿ ಕೇಳಿ ನನಗೆ ಏನು ಕೆಟ್ಟರೂ ಮೊದಲು ನನ್ನ ಕಾಲನ್ನೇ ನೋಡಿಕೊಳ್ಳುವ ಅಭ್ಯಾಸ ಆಗಿಬಿಟ್ಟಿದೆ. ನೆಲ ನಿಜವಾಗಲೂ ಡೊಂಕಿದ್ದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟು ತಿಂಗಳು ನಾನು ಡೊಂಕು ನೆಲದ ಮೇಲೆ ಕುಣಿದೆ. ಕುಣಿದಿದ್ದು ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಕಂಪ್ಯೂಟರ್ ಮುಂದೆ, ವಿಮಾನದ ಆಟಕ್ಕೆ ಬೇಕಾದ ಹಿಡಿಕೋಲು, ಅಂದರೆ ಒಂದು ಜಾಯ್‌ಸ್ಟಿಕ್ ಹಿಡಿದುಕೊಂಡು.

ನನ್ನದು ಡ್ರಿಪ್ ಪೈಪಿನ ಅಂಗಡಿ. ಹಗಲೆಲ್ಲ ದ್ರಾಕ್ಷಿ ತೋಟದವರ ಜೊತೆ ಫಿಲ್ಟರ್, ವಾಲ್ವ್, ಸಬ್ಸಿಡಿ ಮಾತು. ರಾತ್ರಿ ಒಂಬತ್ತೂವರೆ ಮೇಲೆ ಯುದ್ಧವಿಮಾನ. ಗೆಳೆಯರು ಇದನ್ನು ಸುಮ್ನೆ ವಿಡಿಯೋ ಗೇಮ್ ಅಂತಾರೆ. ಅವರ ಕಣ್ಣಿಗೆ ಕಾಣೋದು ಗುಂಡು, ಹೊಗೆ, ಬೆಂಕಿ. ನಿಜ ಹೇಳಬೇಕು ಅಂದರೆ ಒಂದು ಗಂಟೆ ಹಾರಾಟದಲ್ಲಿ ಗುಂಡು ಹಾರಿಸೋದು ಐದಾರು ಸೆಕೆಂಡ್ ಇದ್ದರೆ ಜಾಸ್ತಿ. ಎಷ್ಟೋ ರಾತ್ರಿ ಅದೂ ಇಲ್ಲ. ಉಳಿದದ್ದೆಲ್ಲ ಮನೆಗೆಲಸದಂಥ ಕೆಲಸ. ಬ್ಯಾಟರಿ ಸ್ವಿಚ್ ಹಾಕು, ಇಂಧನದ ಪಂಪ್ ಹಾಕು, ಎಂಜಿನ್ ಶಾಖ ಏರುವುದನ್ನು ನೋಡು, ಗೈರೋ ನೆಟ್ಟಗಾಗುವ ತನಕ ಕಾಯಿ, ಬ್ರೇಕ್ ಬಿಟ್ಟು ನಿಧಾನಕ್ಕೆ ರನ್‌ವೇ ಕಡೆ ಹೋಗು. ಡಿಸಿಎಸ್ ಅನ್ನುವುದು ನಿಜವಾದ ಹಾರಾಟವನ್ನು ಕಂಪ್ಯೂಟರ್‌ನಲ್ಲಿ ನಕಲು ಮಾಡುವ ಸಿಮ್ಯುಲೇಟರ್. ಅದರ ಎಷ್ಟೋ ವಿಮಾನಗಳಲ್ಲಿ ಕಾಕ್‌ಪಿಟ್‌ನ ಬಹುತೇಕ ಪ್ರತಿ ಸ್ವಿಚ್ಚೂ ಕೆಲಸ ಮಾಡುತ್ತದೆ. ಒಂದು ಮರೆತರೆ ಎಂಜಿನ್ ಸ್ಟಾರ್ಟ್ ಆಗೋದಿಲ್ಲ. ನನಗೆ ಹಿಡಿಸಿದ್ದು ಅದೇ. ದಿನವಿಡೀ ಬೇರೆಯವರ ತೋಟದ ಲೀಕೇಜ್ ಹುಡುಕುವವನಿಗೆ, ಎಲ್ಲವೂ ಕ್ರಮವಾಗಿ ನಡೆದು ಕೊನೆಗೆ ಒಂದು ಎಂಜಿನ್ ಗುಂಯ್ ಅನ್ನುವುದು ಎಂಥ ನೆಮ್ಮದಿ ಅಂತ ಹೇಗೆ ಹೇಳಲಿ?

ಹುಚ್ಚು ಹತ್ತಿದ್ದು ಮಾತ್ರ ಹಳೇ ಕಥೆ. ಯಲಹಂಕದ ವಾಯುನೆಲೆ ನಮ್ಮೂರಿಂದ ಸುಮಾರು 40 ಕಿಲೋಮೀಟರ್. ಅಲ್ಲಿನ ವಿಮಾನ ಪ್ರದರ್ಶನ ಏರೋ ಇಂಡಿಯಾ 1996ರಲ್ಲಿ ಶುರುವಾದಾಗ ನಾನು ಹೈಸ್ಕೂಲು. ಆಮೇಲೆ ಅದು ಎರಡು ವರ್ಷಕ್ಕೊಮ್ಮೆ ಫೆಬ್ರವರಿಯ ಹಬ್ಬ ಆಯಿತು. ರಿಹರ್ಸಲ್ ದಿನಗಳಲ್ಲಿ ನಂದಿ ಬೆಟ್ಟದ ಕಡೆಯಿಂದ ಮೋಡವಿಲ್ಲದ ಗುಡುಗು ಕೇಳುತ್ತಿತ್ತು. ಮಹಡಿಗೆ ಓಡುವಷ್ಟರಲ್ಲಿ ವಿಮಾನ ಹೋಗಿರುತ್ತಿತ್ತು. ಸದ್ದು ಮಾತ್ರ ಸಿಗುತ್ತಿತ್ತು. ಈಗಲೂ ಹಾಗೇ.

ಎಡಕ್ಕೆ ಎಳೆಯುವ ವಿಮಾನ

ಡಿಸಿಎಸ್ ಹಾಕಿಕೊಂಡರೆ ಎರಡು ವಿಮಾನ ಪುಕ್ಕಟೆ ಬರುತ್ತವೆ. ಒಂದು ಎರಡನೇ ಮಹಾಯುದ್ಧದ ಮಸ್ಟಾಂಗ್‌ನ ತರಬೇತಿ ರೂಪ, ಟಿಎಫ್-51. ಇನ್ನೊಂದು ರಷ್ಯಾದ ಜೆಟ್, ಸುಖೋಯ್-25ಟಿ. ನಾನು ಮಸ್ಟಾಂಗ್ ಹಿಡಿದೆ. ಅದರ ಪ್ರೊಪೆಲರ್ ಪೈಲಟ್ ಕಡೆಯಿಂದ ನೋಡಿದರೆ ಬಲಕ್ಕೆ ತಿರುಗುತ್ತದೆ. ಅದು ಬಲಕ್ಕೆ ತಿರುಗಿದರೆ ವಿಮಾನದ ಮೈ ಎಡಕ್ಕೆ ಹೊರಳಲು ನೋಡುತ್ತದೆ. ಸಾಲದು ಅಂತ ಪ್ರೊಪೆಲರ್ ಹಿಂದೆ ತಳ್ಳುವ ಗಾಳಿ ಸುರುಳಿ ಸುತ್ತಿಕೊಂಡು ಬಂದು ಬಾಲದ ರೆಕ್ಕೆಗೆ ಎಡಗಡೆಯಿಂದ ಹೊಡೆಯುತ್ತದೆ. ಆಗ ಮೂತಿ ಎಡಕ್ಕೆ. ಟೇಕಾಫ್‌ಗೆ ಜೋರಾಗಿ ಥ್ರಾಟಲ್ (ಎಂಜಿನ್ ಶಕ್ತಿ ಏರಿಸಿ ಇಳಿಸುವ ಹಿಡಿ) ಕೊಟ್ಟರೆ ರನ್‌ವೇ ಬಿಟ್ಟು ಹುಲ್ಲಿಗೆ. ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸಲು ಬಾಲದಲ್ಲಿರುವ ಚುಕ್ಕಾಣಿಯೇ ರಡರ್. ಬಲ ರಡರ್ ಕೊಡಬೇಕು ಅಂತ ಕಲಿಸುವವರೆಲ್ಲ ಹೇಳುತ್ತಾರೆ. ಬಲ ರಡರ್, ಬಲ ರಡರ್. ಇದು ಈ ಲೋಕದ ಮಂತ್ರ.

ಟೇಕಾಫ್ ಹೇಗೋ ಬಂತು. ಲ್ಯಾಂಡಿಂಗ್ ಬರಲಿಲ್ಲ. ಎಲ್ಲ ಸರಿಯಾಗಿ ಇಳಿಯುತ್ತಾ ಇರುತ್ತದೆ, ನೆಲ ಇನ್ನೇನು ಹತ್ತು ಅಡಿ, ಎಡ ರೆಕ್ಕೆ ಸರಕ್ಕನೆ ಬಗ್ಗಿ ಢಬ್. ದಿನಾ ಢಬ್. ಅಂಗಡಿಯ ಹಳೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆದಿಟ್ಟೆ. ಎಷ್ಟು ವೇಗ, ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಫ್ಲಾಪ್ ಎಷ್ಟು, ಎಲ್ಲಿ ಬಗ್ಗಿತು. ಗಾಳಿ ಇಲ್ಲದ ಹವಾಮಾನ ಇಟ್ಟು ನೋಡಿದೆ. ಬಲ ರಡರ್ ಜಾಸ್ತಿ ಮಾಡಿದೆ. ಆಗ ಮೂತಿ ಬಲಕ್ಕೆ, ರೆಕ್ಕೆ ಎಡಕ್ಕೆ. ಏಡಿ ನಡೆದ ಹಾಗೆ ಇಳಿಯುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಇವತ್ತು ಎಷ್ಟು ಒಡೆದೆ?" ಅಂತ ಕೇಳಿ ಹೋಗುತ್ತಿದ್ದಳು. ಮೆಲೆಟ್ರಿಗೆ ಸೇರಿದ್ದರೆ ದೇಶಕ್ಕೆ ಎಷ್ಟು ನಷ್ಟ ಆಗುತ್ತಿತ್ತು ಅಂತ ಮನೆಯವಳ ಲೆಕ್ಕ.

ನಡುವೆ ಒಂದು ಮಾತು. ಬೇಜಾರಾಗಿ ಐಎಲ್-2 ಅನ್ನುವ ಇನ್ನೊಂದು ಸಿಮ್ಯುಲೇಟರ್‌ಗೆ ಹೋಗಿ ಜರ್ಮನಿಯ ಫೋಕೆವುಲ್ಫ್ 190 ಹತ್ತಿದೆ. ಅದನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಬಂದವರು. ಅವರ ಕೈಯಲ್ಲೇ ನಮ್ಮ ಜೆಟ್ ಯುದ್ಧವಿಮಾನ ಮಾರುತ್ ಹುಟ್ಟಿದ್ದು. 1961ರ ಜೂನ್ 17ಕ್ಕೆ ಅದರ ಮೊದಲ ಹಾರಾಟ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಾರುತ್ ನಿಲ್ಲಿಸಿದ್ದಾರೆ. ಸ್ಕೂಲ್ ಟೂರ್‌ನಲ್ಲಿ ಅದರ ಮುಂದೆ ನಿಂತು ಚಿತ್ರಾನ್ನ ತಿಂದಿದ್ದೇನೆ. ನಮ್ಮ ಮುದ್ದೇನಹಳ್ಳಿಯವರ ಹೆಸರಿನ ಮ್ಯೂಸಿಯಂ ಅಂತ ಮೇಷ್ಟ್ರು ಹೆಮ್ಮೆಯಿಂದ ಹೇಳಿದ್ದು ನೆನಪಿದೆ, ವಿಮಾನದ ಬಗ್ಗೆ ಏನು ಹೇಳಿದರೋ ನೆನಪಿಲ್ಲ.

ಫೋಕೆವುಲ್ಫ್‌ನಲ್ಲಿ ನನ್ನಂಥವನಿಗೆ ಒಂದು ಅನುಕೂಲ ಇದೆ. ಆ ಕಾಲದ ಬೇರೆ ಎಷ್ಟೋ ವಿಮಾನಗಳಲ್ಲಿ ಥ್ರಾಟಲ್ ಒಂದು ಹಿಡಿ, ಪ್ರೊಪೆಲರ್ ವೇಗಕ್ಕೆ ಇನ್ನೊಂದು ಹಿಡಿ, ಕೆಲವದರಲ್ಲಿ ಇಂಧನ ಮಿಶ್ರಣಕ್ಕೆ ಮತ್ತೊಂದು. ಇದರಲ್ಲಿ ಎಲ್ಲಕ್ಕೂ ಒಂದೇ ಹಿಡಿ. ಉಳಿದದ್ದನ್ನು ಎಂಜಿನ್ ಜೊತೆಗಿನ ಒಂದು ಯಂತ್ರವೇ ನೋಡಿಕೊಳ್ಳುತ್ತದೆ. ಬಡವನ ಜಾಯ್‌ಸ್ಟಿಕ್‌ನಲ್ಲಿರುವ ಒಂದೇ ಸ್ಲೈಡರ್ ಸಾಕು. ಆದರೆ ಅದೂ ಎಡಕ್ಕೇ ಬಗ್ಗಿತು. ಪ್ರೊಪೆಲರ್ ವಿಮಾನ ತಾನೇ, ಬಗ್ಗುತ್ತೆ ಅಂದುಕೊಂಡೆ.

ಕೊನೆಗೆ ಒಂದು ರಾತ್ರಿ ಸುಖೋಯ್-25 ತೆಗೆದೆ. ಎರಡು ಜೆಟ್ ಎಂಜಿನ್. ಪ್ರೊಪೆಲರ್ ಇಲ್ಲ. ಎಡಕ್ಕೆ ಎಳೆಯಲು ಯಾವ ಕಾರಣವೂ ಇಲ್ಲ. ಇಳಿಯುವಾಗ ಎಡ ರೆಕ್ಕೆ ಸರಕ್ಕನೆ ಬಗ್ಗಿತು.

ಆಗ ಕೈ ತೆಗೆದು ಸ್ಟಿಕ್ ಮುಟ್ಟದೆ ಕೂತೆ. ವಿಂಡೋಸ್‌ನಲ್ಲಿ ಕಂಟ್ರೋಲರ್ ಪರೀಕ್ಷೆ ಮಾಡುವ ಪುಟ್ಟ ಚೌಕ ಒಂದಿದೆ. ಅದರ ನಡುವೆ ಒಂದು ಪ್ಲಸ್ ಗುರುತು. ಸ್ಟಿಕ್ ಎಲ್ಲಿದೆಯೋ ಗುರುತು ಅಲ್ಲಿ. ಸ್ಟಿಕ್ ನೆಟ್ಟಗೆ ನಿಂತಿತ್ತು. ಗುರುತು ನಡುಗುತ್ತಿತ್ತು. ಸ್ವಲ್ಪ ಹೊತ್ತು ನಡುಗಿ ಎಡಕ್ಕೆ ಚಿಮ್ಮಿತು, ವಾಪಸ್ ಬಂತು. ಎಂಟು ತಿಂಗಳ ಬಿಲ್ ಪುಸ್ತಕ ಪಕ್ಕದಲ್ಲೇ ಇತ್ತು. ಕೋಪ ಬರಬೇಕಿತ್ತು ಅಲ್ವಾ? ಬರಲಿಲ್ಲ. ಏನೋ ಒಂದು ಬಗೆಯ ಅವಮಾನ ಆಯಿತು. ಕೆಟ್ಟಿದ್ದು ಅದು, ನಾನು ಎಂಟು ತಿಂಗಳು ಬೈದಿದ್ದು ನನ್ನನ್ನು.

ರೇಡಿಯೋ ಮಾಮ

ಬಿ.ಬಿ. ರಸ್ತೆಯಿಂದ ಒಳಗೆ ಒಂದು ಗಲ್ಲಿಯಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ರೇಡಿಯೋ ಮಾಮ ಅಂತಲೇ ನಮ್ಮ ಬೀದಿಯವರೆಲ್ಲ ಕರೆಯೋದು. ಮೊದಲು ರೇಡಿಯೋ, ಆಮೇಲೆ ಟೇಪ್‌ರೆಕಾರ್ಡರ್, ಆಮೇಲೆ ಟಿವಿ. ಈಗ ಮಿಕ್ಸಿ, ಸ್ಟೆಬಿಲೈಸರ್ ಮತ್ತು ಬ್ಯಾಟರಿ ಸ್ಕೂಟರ್. ಸ್ಟಿಕ್ ಅನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ.

"ಏಮಪ್ಪಾ ಇದಿ? ಟ್ರ್ಯಾಕ್ಟರ್ ಗೇರಾ?"

"ಕಂಪ್ಯೂಟರ್‌ದು ಮಾಮ. ವಿಮಾನ ಓಡಿಸೋದು."

ಅವರು ಇನ್ನೇನೂ ಕೇಳಲಿಲ್ಲ. ತಳದ ಸ್ಕ್ರೂ ಬಿಚ್ಚಿದರು. ಒಳಗೆ ನೋಡಿ ನಕ್ಕರು. "ಇಷ್ಟೇನಾ? ಇದು ವಾಲ್ಯೂಮ್ ಕಂಟ್ರೋಲ್ ಕಣಪ್ಪಾ." ಮೂರು ಕಾಲಿನ ಒಂದು ಗುಂಡನೆ ಸಾಮಾನು ತೋರಿಸಿದರು. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಪುಟ್ಟ ತಗಡಿನ ನಾಲಿಗೆ. ನಾಲಿಗೆ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಕಂಪ್ಯೂಟರ್ ಆ ವೋಲ್ಟೇಜನ್ನು ಅಂಕಿ ಮಾಡಿ ಓದುತ್ತದೆ. "ಹಳೇ ರೇಡಿಯೋ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನಲ್ವಾ? ಅದೇ ಕರಕರ ಇದು. ನಿನ್ನ ವಿಮಾನಕ್ಕೆ ಕರಕರ ಬಂದಿದೆ."

ಪಟ್ಟಿಯ ನಡುಭಾಗ ಬೆಳ್ಳಗಾಗಿತ್ತು. ಯೋಚನೆ ಮಾಡಿದರೆ ಸರಿಯೇ. ಸ್ಟಿಕ್ ಹೆಚ್ಚು ಹೊತ್ತು ಇರೋದು ನಡುವೆ. ಸಣ್ಣ ಸಣ್ಣ ಚಲನೆ ಎಲ್ಲ ನಡುವೆ. ಹಾಗಾಗಿ ಮೊದಲು ಸವೆಯೋದೂ ಅಲ್ಲೇ. ಲ್ಯಾಂಡಿಂಗ್‌ಗೆ, ಗುರಿ ಹಿಡಿಯೋದಕ್ಕೆ, ಇನ್ನೊಂದು ವಿಮಾನದ ಪಕ್ಕದಲ್ಲಿ ಜೋಡಿಯಾಗಿ ಹಾರೋದಕ್ಕೆ ಬೇಕಾಗೋದೂ ಅದೇ ನಡುಭಾಗ. ಪೂರಾ ಎಡಕ್ಕೆ, ಪೂರಾ ಬಲಕ್ಕೆ ಎಳೆದಾಗ ಸ್ಟಿಕ್ ಹೊಸದರ ಹಾಗೇ ಇರುತ್ತದೆ. ಅದಕ್ಕೇ ಗಿರಕಿ ಹೊಡೆಯುವಾಗ ನಾನು ಶೂರ, ಇಳಿಯುವಾಗ ಹೇಡಿ.

ಮಾಮ ಸ್ಪ್ರೇ ಹೊಡೆದು ಕ್ಲೀನ್ ಮಾಡಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. "ಕೊಳೆ ಹೋಗುತ್ತೆ. ಸವೆದಿದ್ದು ವಾಪಸ್ ಬರಲ್ಲ, ನೆನಪಿಟ್ಟುಕೋ" ಅಂದರು. ಆಮೇಲೆ ಬೆಂಚಿನ ಕೆಳಗಿಂದ ಬ್ಯಾಟರಿ ಸ್ಕೂಟರಿನ ಆಕ್ಸಿಲರೇಟರ್ ಹಿಡಿ ಒಂದನ್ನು ತೆಗೆದು ಬಿಚ್ಚಿ ತೋರಿಸಿದರು. ಒಳಗೆ ಒಂದು ಸಣ್ಣ ಅಯಸ್ಕಾಂತ. ಅದರ ಎದುರು ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದೊಂದು ಕರೀ ಚಿಪ್. ಎರಡರ ನಡುವೆ ಬರೀ ಗಾಳಿ. ಅಯಸ್ಕಾಂತ ಹತ್ತಿರ ಬಂದರೆ ವೋಲ್ಟೇಜ್ ಬದಲಾಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ವ, ಅದಕ್ಕೇ ಹಾಲ್ ಸೆನ್ಸರ್ ಅಂತ ಹೆಸರು. ಮಾಮ ಹೇಳಿದ್ದು ಇಷ್ಟೇ: "ಇದರಲ್ಲಿ ಉಜ್ಜೋದೇ ಇಲ್ಲ. ಉಜ್ಜದೆ ಇದ್ದರೆ ಸವೆಯೋದು ಎಲ್ಲಿಂದ? ಇಂಥದು ಸಿಗುತ್ತಾ ನೋಡು."

ಮೂರು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಕರಕರ.

ಯಾವ ಕೋಲು?

ಕರಕರ ಮುಚ್ಚಿಡಲು ಒಂದು ಉಪಾಯ ಇದೆ. ಡೆಡ್‌ಝೋನ್ ಅಂತ. ನಡುವಿನ ಇಷ್ಟು ಜಾಗದಲ್ಲಿ ಏನೇ ಅಲುಗಿದರೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಅಂತ ಸಾಫ್ಟ್‌ವೇರ್‌ಗೆ ಹೇಳೋದು. ಹಾಕಿದೆ. ವಿಮಾನ ನೆಟ್ಟಗೆ ಹೋಯಿತು. ಆದರೆ ಹಳೇ ಟ್ರ್ಯಾಕ್ಟರ್ ಸ್ಟೇರಿಂಗ್‌ನಲ್ಲಿ ಪ್ಲೇ ಇರುತ್ತಲ್ಲ, ಹಾಗಾಯಿತು. ತಿರುಗಿಸಿದರೆ ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ. ಸೂಜಿಗೆ ದಾರ ಪೋಣಿಸುವಾಗ ಕೈಗೆ ಗ್ಲೌಸ್ ಹಾಕಿಕೊಂಡ ಹಾಗೆ.

ಕೊಳ್ಳೋದೇ ಸರಿ ಅಂತ ಹುಡುಕಲು ಶುರು ಮಾಡಿದೆ. ಇಲ್ಲಿ ನಾನು ಇನ್ನೊಂದು ಹಳ್ಳಕ್ಕೆ ಬಿದ್ದೆ. ಎರಡು ತಿಂಗಳು ಹಾರಿದ್ದಕ್ಕಿಂತ ಸ್ಟಿಕ್ ನೋಡಿದ್ದೇ ಜಾಸ್ತಿ. ಥ್ರಸ್ಟ್‌ಮಾಸ್ಟರ್‌ನ ವಾರ್ಟ್‌ಹಾಗ್ ಅಂತ ಒಂದಿದೆ. ಅಮೆರಿಕದ ಎ-10 ವಿಮಾನದ ಸ್ಟಿಕ್ ಮತ್ತು ಥ್ರಾಟಲ್‌ನ ಪಡಿಯಚ್ಚು, ಲೋಹದ್ದು. ಅದರ ಫೋಟೋ ನೋಡಿದರೇ ಬೆರಳು ತುರಿಸುತ್ತದೆ. ವಿಕೆಬಿ, ವರ್ಪಿಲ್ ಅಂತ ಇನ್ನಷ್ಟು ಕಂಪನಿಗಳು. ಒಂದೊಂದು ವಿಡಿಯೋ ನೋಡಿದಾಗಲೂ ಇದು ಸಿಕ್ಕಿದರೆ ಸಾಕು, ನಾನು ಪೈಲಟ್ ಆಗಿಬಿಡುತ್ತೇನೆ ಅನ್ನಿಸುತ್ತಿತ್ತು. ಎಂಟು ತಿಂಗಳು ಎಲ್ಲ ತಪ್ಪೂ ನನ್ನದು ಅಂದುಕೊಂಡವನು ಈಗ ಎಲ್ಲ ತಪ್ಪೂ ಸ್ಟಿಕ್‌ದು ಅಂತ ತಿರುಗಿಬಿದ್ದಿದ್ದೆ. ನೆಲ ಡೊಂಕು ಅಂತ ಒಮ್ಮೆ ಸಾಬೀತಾದರೆ ಆಯಿತು, ಆಮೇಲೆ ಕಾಲಿನ ಮಾತೇ ಇಲ್ಲ.

ದಾರಿಗೆ ತಂದಿದ್ದು ಮನೆಯವಳ ಒಂದು ಪ್ರಶ್ನೆ. "ರೀ, ಇದನ್ನ ಎಲ್ಲಿ ಇಡ್ತೀರಿ?"

ಅದು ಸರಿಯಾದ ಪ್ರಶ್ನೆ. ಯಾವ ಸ್ಟಿಕ್ ಒಳ್ಳೆಯದು ಅನ್ನೋದಕ್ಕಿಂತ ಮೊದಲು ಕೇಳಬೇಕಾದದ್ದು ಅದು. ಮೇಜಿನ ಮೇಲಿಟ್ಟರೆ ಮೊಣಕೈ ಮೇಲೆ ಎದ್ದು ಅರ್ಧ ಗಂಟೆಗೆ ಭುಜ ನೋವು. ನಮ್ಮದು ಸನ್‌ಮೈಕಾ ಮೇಜು, ಸ್ಟಿಕ್ ಎಳೆದರೆ ತಳವೇ ಜಾರಿಕೊಂಡು ಬರುತ್ತದೆ. ಭಾರದ ಸ್ಪ್ರಿಂಗ್ ಇರುವ ದುಬಾರಿ ಸ್ಟಿಕ್ ತಂದಿದ್ದರೆ ಮೇಜೇ ಬರುತ್ತಿತ್ತೇನೋ. ನಾನು ಇಷ್ಟಪಡುವ ವಿಮಾನಗಳಲ್ಲಿ ಸ್ಟಿಕ್ ಇರುವುದು ಎರಡು ಕಾಲುಗಳ ನಡುವೆ, ಉದ್ದಕ್ಕೆ. ಉದ್ದ ಕೋಲಿನ ತುದಿ ಎರಡು ಇಂಚು ಸರಿದರೆ ಬುಡ ಸ್ವಲ್ಪವೇ ತಿರುಗುತ್ತದೆ. ಮೇಜಿನ ಮೇಲಿನ ಗಿಡ್ಡ ಸ್ಟಿಕ್‌ನಲ್ಲಿ ಅದೇ ಎರಡು ಇಂಚಿಗೆ ಅರ್ಧ ದೂರ ಹೋಗಿಬಿಡುತ್ತದೆ. ಅದಕ್ಕೇ ಸೂಕ್ಷ್ಮ ಕಮ್ಮಿ. ಇನ್ನು ಎಫ್-16 ಪ್ರಿಯರ ಕಥೆಯೇ ಬೇರೆ. ಅದರ ಸ್ಟಿಕ್ ಬಲಗೈ ಪಕ್ಕದಲ್ಲಿದೆ, ಮೊದಮೊದಲ ವಿಮಾನಗಳಲ್ಲಿ ಅದು ಅಲುಗುತ್ತಲೇ ಇರಲಿಲ್ಲವಂತೆ. ಕೈ ಎಷ್ಟು ಒತ್ತುತ್ತದೆ ಅನ್ನುವುದನ್ನಷ್ಟೇ ಅಳೆಯುತ್ತಿತ್ತು. ಅಂಥವರಿಗೆ ಕುರ್ಚಿಯ ಕೈಗೆ ಕಟ್ಟಿದರೆ ಸಾಕು.

ಕೊನೆಗೆ ಯಲಹಂಕದ ಒಬ್ಬರ ಹತ್ತಿರ ಹಾಲ್ ಸೆನ್ಸರ್ ಇರುವ ಒಂದು ಮಧ್ಯಮ ದರ್ಜೆಯ ಸ್ಟಿಕ್, ಜೊತೆಗೆ ಬೇರೆ ಥ್ರಾಟಲ್, ಎರಡನ್ನೂ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಿಡಿಯನ್ನು ತಿರುಚಿದರೆ ರಡರ್. ಕಾಲಿನ ಪೆಡಲ್‌ಗೆ ದುಡ್ಡು ಮಿಗಲಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಒಂದು ಸ್ಟ್ಯಾಂಡ್ ಮಾಡಿಸಿದೆ, ಕುರ್ಚಿಯ ಮುಂದೆ ಮೊಣಕಾಲುಗಳ ನಡುವೆ ನಿಲ್ಲುವಂಥದು. ಅವನೂ ಟ್ರ್ಯಾಕ್ಟರ್ ಗೇರಾ ಅಂತಲೇ ಕೇಳಿದ. ತಲೆ ತಿರುಗಿಸಿದರೆ ಕಾಕ್‌ಪಿಟ್‌ನಲ್ಲಿ ನೋಟವೂ ತಿರುಗುವಂತೆ ಓಪನ್‌ಟ್ರ್ಯಾಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ವೆಬ್‌ಕ್ಯಾಮ್ ಜೋಡಿಸಿದೆ. ಇದಕ್ಕೆ ದುಡ್ಡು ಖರ್ಚಾಗಲಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಇದೇ. ಹಿಂದೆ ಬಿದ್ದ ವಿಮಾನವನ್ನು ಬಟನ್ ಒತ್ತಿ ಹುಡುಕೋದೇ ಬೇರೆ, ಕತ್ತು ತಿರುಗಿಸಿ ನೋಡೋದೇ ಬೇರೆ. ಕತ್ತಲಲ್ಲಿ ನಾನು ತಲೆ ಆಡಿಸುತ್ತಾ ಕೂತಿದ್ದನ್ನು ಮೊದಲ ಸಲ ನೋಡಿದ ಅಮ್ಮ, ಮೈಮೇಲೆ ಏನೋ ಬಂದಿದೆ ಅಂತ ಹೆದರಿದ್ದರು.

ಥ್ರಾಟಲ್ ಬೇರೆಯೇ ಬೇಕು ಅಂದಿದ್ದಕ್ಕೆ ಕಾರಣ ಮಿಗ್-21. ನಮ್ಮ ವಾಯುಪಡೆಯಲ್ಲಿ 1963ರಿಂದ ಇದ್ದು 2025ರ ಸೆಪ್ಟೆಂಬರ್ 26ಕ್ಕೆ ನಿವೃತ್ತಿಯಾದ ವಿಮಾನ. ಡಿಸಿಎಸ್‌ನಲ್ಲಿ ಅದರ ಬಿಸ್ ಅನ್ನುವ ಸುಧಾರಿತ ರೂಪ ಇದೆ. ಸಣ್ಣ ತ್ರಿಕೋನ ರೆಕ್ಕೆ, ನಿಧಾನಕ್ಕೆ ಹಾರಲು ಇಷ್ಟವೇ ಇಲ್ಲ. ಇಳಿಯಲು ಬರುವಾಗಲೂ ಗಂಟೆಗೆ 300 ಕಿಲೋಮೀಟರ್ ಮೇಲೆ. ಅದರ ಫ್ಲಾಪ್ ಮೇಲೆ ಎಂಜಿನ್ನಿನ ಗಾಳಿಯನ್ನೇ ಊದಿ ರೆಕ್ಕೆಗೆ ಎತ್ತುವ ಶಕ್ತಿ ಹೆಚ್ಚಿಸುತ್ತಾರೆ. ಅಂದರೆ ಹೆದರಿ ಥ್ರಾಟಲ್ ಪೂರಾ ಎಳೆದರೆ ಎಂಜಿನ್ ಇಳಿಯುತ್ತದೆ, ಊದುವ ಗಾಳಿ ಇಳಿಯುತ್ತದೆ, ವಿಮಾನ ಕಲ್ಲಿನ ಹಾಗೆ ಕೆಳಗೆ. ಚೂರು ಚೂರೇ ಹಿಂದಕ್ಕೆ ತರಬೇಕು. ಸ್ಟಿಕ್ ಬುಡದ ಬೆರಳುದ್ದದ ಸ್ಲೈಡರ್‌ನಲ್ಲಿ ಆ ಚೂರು ಸಿಗೋದಿಲ್ಲ. ಅದರ ಕಾಕ್‌ಪಿಟ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಮುಂದಿನ ಫಲಕದ ಮೇಲೆ ಬಳಿದಿರುವ ಒಂದು ಬಿಳಿ ಗೆರೆ. ವಿಮಾನ ಬುಗುರಿಯ ಹಾಗೆ ಸುತ್ತುತ್ತಾ ಬೀಳುವಾಗ ಪೈಲಟ್‌ಗೆ ನಡು ಯಾವುದು ಅಂತ ತಿಳಿಯದಿದ್ದರೆ ಸ್ಟಿಕ್ ಅನ್ನು ಆ ಗೆರೆಯ ಕಡೆ ತಳ್ಳಬೇಕು. ನಡುಭಾಗ ಎಲ್ಲಿದೆ ಅಂತ ಒಂದು ಗೆರೆ ಎಳೆದು ತೋರಿಸಿದ ಪುಣ್ಯಾತ್ಮ ಯಾರೋ! ನನಗೆ ಎಂಟು ತಿಂಗಳು ಆ ಗೆರೆ ಇರಲಿಲ್ಲ.

ಹೊಸ ಸ್ಟಿಕ್ ಬಂದ ರಾತ್ರಿ ಮೊದಲು ಆ ಪುಟ್ಟ ಚೌಕ ತೆಗೆದು ನೋಡಿದೆ. ಗುರುತು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಖುಷಿಯಿಂದ ಮಸ್ಟಾಂಗ್ ಹತ್ತಿ ಇಳಿಸಲು ಹೋದೆ. ಹತ್ತು ಅಡಿ. ರೆಕ್ಕೆ ನೆಟ್ಟಗಿತ್ತು. ಮೂತಿ ಮೇಲೆ, ಕೆಳಗೆ, ಮೇಲೆ, ಕೆಳಗೆ, ಢಬ್. ಈ ಸಲ ಎಡಕ್ಕಲ್ಲ, ನೇರವಾಗಿ. ಆ ಢಬ್ ಪೂರ್ತಿ ನನ್ನದು. ಹೊಸ ಸ್ಟಿಕ್ ನನ್ನನ್ನು ಒಳ್ಳೇ ಪೈಲಟ್ ಮಾಡಲಿಲ್ಲ. ಕೊಟ್ಟಿದ್ದು ಒಂದೇ, ತಪ್ಪು ಯಾರದು ಅನ್ನೋ ಅನುಮಾನ ಕಳೆಯಿತು. ಅದಕ್ಕೆ ಅಷ್ಟು ದುಡ್ಡು ಜಾಸ್ತಿ ಅಲ್ಲ ಅಂತ ಈಗಲೂ ಅನ್ನಿಸುತ್ತದೆ. ಮನೆಯವಳಿಗೆ ಅನ್ನಿಸಿಲ್ಲ.

ಎಸ್ಕೇಪ್ ಬಟನ್

ಇಷ್ಟೆಲ್ಲ ಬರೆಯುವಾಗ ಒಂದು ದಿನ ಮಾತ್ರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. 2019ರ ಫೆಬ್ರವರಿ 19. ಏರೋ ಇಂಡಿಯಾದ ಹಿಂದಿನ ದಿನ ಯಲಹಂಕದಲ್ಲಿ ರಿಹರ್ಸಲ್ ನಡೆಯುವಾಗ ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾದವು. ಒಬ್ಬ ಪೈಲಟ್ ತೀರಿಕೊಂಡರು. ಅಂಗಡಿಯಲ್ಲಿ ಮೊಬೈಲ್‌ನಲ್ಲಿ ನೋಡಿದೆ. ಆ ರಾತ್ರಿ ಕಂಪ್ಯೂಟರ್ ಹಾಕಲಿಲ್ಲ. ಆ ವಾರವೂ ಹಾಕಲಿಲ್ಲ. ಆಗ ನಾನು ಕೀಬೋರ್ಡ್‌ನಲ್ಲಿ ಆಡುತ್ತಿದ್ದೆ, ಸ್ಟಿಕ್ ಕೂಡ ಇರಲಿಲ್ಲ. ಎಷ್ಟು ನಿಜದಂತೆ ಇದ್ದರೂ ನನ್ನ ಕಾಕ್‌ಪಿಟ್‌ನಲ್ಲಿ ಎಸ್ಕೇಪ್ ಬಟನ್ ಇದೆ. ರಿಯಲಿಸಂ ಅನ್ನೋ ಮಾತನ್ನು ಅವತ್ತಿನಿಂದ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ಎರಡು ಬೆರಳು

ಹೋದ ತಿಂಗಳು ನಮ್ಮ ಸ್ಟೆಬಿಲೈಸರ್ ಕೆಟ್ಟಿತು. ರಾತ್ರಿ ತ್ರೀ ಫೇಸ್ ಬಂದ ತಕ್ಷಣ ಸುತ್ತಮುತ್ತಲ ತೋಟಗಳ ಬೋರ್‌ವೆಲ್ ಮೋಟರ್ ಎಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುತ್ತದೆ. ನಾನು ಇಳಿಯಲು ಬರುವ ಹೊತ್ತಿಗೇ ಸರಿಯಾಗಿ. ರೇಡಿಯೋ ಮಾಮ ಅದನ್ನು ರಿಪೇರಿ ಮಾಡಿ ಮನೆಗೇ ತಂದುಕೊಟ್ಟರು. ಮಹಡಿಯಲ್ಲಿ ಜೋಡಿಸುವಾಗ ಸ್ಟ್ಯಾಂಡ್ ಕಣ್ಣಿಗೆ ಬಿತ್ತು.

"ಓ, ಆ ಕರಕರದ್ದು. ಹೊಸದಾ?"

"ಹೂಂ ಮಾಮ. ನೀವು ಹೇಳಿದ ಅಯಸ್ಕಾಂತದ್ದು. ಕೂತ್ಕೊಳ್ಳಿ, ಓಡಿಸಿ."

ಬೇಡ ಬೇಡ ಅನ್ನುತ್ತಲೇ ಕೂತರು. ಮಸ್ಟಾಂಗ್ ಅನ್ನು ಐದು ಸಾವಿರ ಅಡಿಗೆ ಒಯ್ದು ಅವರ ಕೈಗೆ ಬಿಟ್ಟೆ. ಈಗ ಬೀಳಿಸುತ್ತಾರೆ ಅಂತ ಕಾದೆ. ಬೀಳಲಿಲ್ಲ. ವಿಮಾನ ನೀರಿನ ಮೇಲಿನ ಎಲೆಯ ಹಾಗೆ ನಿಂತಿತ್ತು. ಅವರ ಕೈ ನೋಡಿದೆ. ಅವರು ಸ್ಟಿಕ್ ಹಿಡಿದೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು, ಅಷ್ಟೇ. ಮೂತಿ ಸ್ವಲ್ಪ ಎದ್ದರೆ ಕೂದಲೆಳೆ ಮುಂದಕ್ಕೆ ಒತ್ತಿ ಕಾಯುತ್ತಿದ್ದರು. ಅದು ತಾನಾಗಿ ಸರಿಹೋದ ಮೇಲೆ ಬಿಡುತ್ತಿದ್ದರು. ನಾನಾದರೆ ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿಯುತ್ತೇನೆ. ಎದ್ದರೆ ತಳ್ಳುತ್ತೇನೆ, ಇಳಿದರೆ ಎಳೆಯುತ್ತೇನೆ, ನಡುವೆ ಕಾಯೋದಿಲ್ಲ. ಮೂತಿ ಮೇಲೆ ಕೆಳಗೆ ಆಡುತ್ತಿದ್ದದ್ದು ಅದಕ್ಕೇ.

"ಎಲ್ಲಿ ಕಲಿತ್ರಿ ಮಾಮ?"

"ಶಾರ್ಟ್‌ವೇವ್ ರೇಡಿಯೋ ಟ್ಯೂನ್ ಮಾಡಿದ್ದೀಯಾ ನೀನು? ಒತ್ತಿ ಹಿಡಿದರೆ ಸ್ಟೇಷನ್ ಓಡಿ ಹೋಗುತ್ತೆ."

ಐದಾರು ನಿಮಿಷ ಹಾಗೇ ಹಾರಿಸಿದರು. ಕೆಳಗೆ ಬೆಟ್ಟ, ಹೊಳೆ, ಬಿಸಿಲು. ಗುಂಡು ಹಾರಿಸುವ ಬಟನ್ ಇದೆಯಾ ಅಂತ ಒಂದು ಸಲವೂ ಕೇಳಲಿಲ್ಲ. ಕೆಳಗಿಂದ ಮನೆಯವಳು ಕಾಫಿಗೆ ಕರೆದಳು. ಮಾಮ ಎದ್ದು ಕನ್ನಡಕ ತೆಗೆದು ಒರೆಸಿಕೊಂಡು, ಸ್ಕ್ರೀನ್ ಕಡೆ ಇನ್ನೊಮ್ಮೆ ನೋಡಿ ಕೇಳಿದರು, "ಇದರಲ್ಲಿ ಸಿಲೋನ್ ಸ್ಟೇಷನ್ ಬರಲ್ವಾ?"